ಮಹಾಬಳೇಶ್ವರದ ರಾಸ್ಪ್‌ಬೆರಿ: ಕೊಳ್ಳುವುದು, ಕಾಪಾಡುವುದು, ಅಡುಗೆಗೆ ಬಳಸುವುದು

ಚಳಿಗಾಲದಲ್ಲಿ ಪುಣೆಯ ಹಣ್ಣಿನಂಗಡಿಗಳಿಗೆ ಮಹಾಬಳೇಶ್ವರ, ಪಂಚಗಣಿಗಳ ಸ್ಟ್ರಾಬೆರಿಯ ಜೊತೆಗೆ ಕೆಲವೊಮ್ಮೆ ರಾಸ್ಪ್‌ಬೆರಿಯೂ ಬರುತ್ತದೆ. ಕೀಳುವಾಗ ನಡುವಿನ ದಿಂಡು ಗಿಡದಲ್ಲೇ ಉಳಿದುಬಿಡುವುದರಿಂದ ಈ ಹಣ್ಣು ಒಳಗೆ ಟೊಳ್ಳಾಗಿರುತ್ತದೆ. ಸ್ವಲ್ಪ ಒತ್ತಿದರೂ ಜಜ್ಜಿಹೋಗುತ್ತದೆ. ಆದ್ದರಿಂದ ಕೊಳ್ಳುವಾಗ ಡಬ್ಬಿಯ ತಳವನ್ನು ನೋಡಬೇಕು. ಅಲ್ಲಿ ರಸ ಒಸರಿದ್ದರೆ ಅಥವಾ ಬೂಸ್ಟು ಕಂಡರೆ ಬಿಟ್ಟುಬಿಡಿ.

ಮನೆಗೆ ತಂದ ಕೂಡಲೇ ತೊಳೆಯಬೇಡಿ. ಅಗಲವಾದ ತಟ್ಟೆಗೆ ಒಣ ಬಟ್ಟೆ ಹಾಸಿ, ಹಣ್ಣುಗಳನ್ನು ಒಂದೇ ಪದರವಾಗಿ ಹರಡಿ ಫ್ರಿಜ್ಜಿನಲ್ಲಿಟ್ಟು, ತಿನ್ನುವ ಮುನ್ನವಷ್ಟೇ ತಣ್ಣೀರಿನಲ್ಲಿ ಮೆಲ್ಲನೆ ಅದ್ದಿ ತೆಗೆಯಿರಿ. ಹೀಗಿಟ್ಟರೂ ಒಂದೆರಡು ದಿನಗಳಲ್ಲಿ ಮುಗಿಸುವುದು ಒಳ್ಳೆಯದು.

ಈ ಹಣ್ಣಿನ ನಿಜವಾದ ಸಂಪತ್ತು ನಾರು. 100 ಗ್ರಾಂ ಹಣ್ಣಿನಲ್ಲಿ ಸುಮಾರು 6.5 ಗ್ರಾಂ ನಾರು ಇದ್ದರೆ, ಸಕ್ಕರೆ 4ರಿಂದ 5 ಗ್ರಾಂ ಮಾತ್ರ. ಒಟ್ಟು ಶಕ್ತಿ ಸುಮಾರು 52 ಕ್ಯಾಲೊರಿ. ಆ ನಾರಿನ ದೊಡ್ಡ ಪಾಲು ಬೀಜಗಳಲ್ಲೇ ಇರುವುದರಿಂದ, ನುಣುಪಾಗಲೆಂದು ರಸವನ್ನು ಜರಡಿಯಲ್ಲಿ ಸೋಸುವುದು ನನಗೆ ಸರಿಯೆನಿಸುವುದಿಲ್ಲ. ವಿಟಮಿನ್ ಸಿ ಸುಮಾರು 26 ಮಿಲಿಗ್ರಾಂ ಇದೆ, ಆದರೆ ಅದಕ್ಕಾಗಿಯೇ ಇಷ್ಟು ದುಬಾರಿ ಹಣ್ಣನ್ನು ಕೊಳ್ಳಬೇಕಾಗಿಲ್ಲ. ಪೇರಲೆಯಲ್ಲಿ ಅದರ ಹಲವು ಪಟ್ಟು ಇದೆ. ಮುಂಬೈಯ ಇರಾನಿ ಹೋಟೆಲುಗಳ ಕೆಂಪು ರಾಸ್ಪ್‌ಬೆರಿ ಸೋಡಾ ರುಚಿಗೆ ಸರಿ, ಹಣ್ಣಿನ ನಾರು ಅದರಲ್ಲಿ ದೊರೆಯದು.

ಕಾಯಿಸಿದರೆ ವಿಟಮಿನ್ ಸಿ ಕಡಿಮೆಯಾಗುವುದರಿಂದ ಹಸಿಯಾಗಿ ಬಳಸುವ ಬಗೆಗಳೇ ಮೇಲು. ಶ್ರೀಖಂಡ ಅವುಗಳಲ್ಲಿ ಅತ್ಯುತ್ತಮ. ಪುಣೆಯ ಡೈರಿಗಳಲ್ಲಿ ಸಿದ್ಧವಾಗಿ ಸಿಗುವ ಚಕ್ಕಾವನ್ನು (ನೀರು ಬಸಿದ ಗಟ್ಟಿ ಮೊಸರು) 250 ಗ್ರಾಂ ತೆಗೆದುಕೊಂಡು, 100 ಗ್ರಾಂ ಪುಡಿಸಕ್ಕರೆಯೊಡನೆ ಗಂಟಿಲ್ಲದಂತೆ ಕಲಸಿ, ಒಂದು ಗಂಟೆ ತಣ್ಣಗಿರಿಸಿ. ಬಡಿಸುವ ಹೊತ್ತಿಗೆ 100 ಗ್ರಾಂ ಹಣ್ಣನ್ನು ಚಮಚದಿಂದ ಅರೆಬರೆ ಹಿಚುಕಿ ಬೆರೆಸಿ. ಮೊದಲೇ ಬೆರೆಸಿಟ್ಟರೆ ರಸ ಬಿಟ್ಟು ಶ್ರೀಖಂಡ ನೀರಾಗುತ್ತದೆ. ಏಲಕ್ಕಿ ಚಿಟಿಕೆಯಷ್ಟು ಸಾಕು, ಹೆಚ್ಚಾದರೆ ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ. ಮೊಸರನ್ನಕ್ಕೆ ದಾಳಿಂಬೆಯ ಬದಲು ಇದನ್ನೇ ಉದುರಿಸಿದರೂ ಚೆನ್ನಾಗಿರುತ್ತದೆ.

ತುಸು ಜಜ್ಜಿದ ಹಣ್ಣುಗಳಿದ್ದರೆ ನಮ್ಮ ಗೊಜ್ಜು ಮಾಡಿ. ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಣ್ಣು, ಬೆಲ್ಲ, ಉಪ್ಪು, ಸ್ವಲ್ಪ ಸಾರಿನಪುಡಿ ಹಾಕಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಕುದಿಸಿದರಾಯಿತು. ಹಣ್ಣೇ ಹುಳಿಯಾಗಿರುವುದರಿಂದ ಹುಣಸೆಹಣ್ಣು ಬೇಕಿಲ್ಲ. ದೋಸೆಗೂ ಚಪಾತಿಗೂ ಇದು ಹೊಂದುತ್ತದೆ.

ಉಳಿದ ಹಣ್ಣನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿದರೆ ತಿಂಗಳುಗಟ್ಟಲೆ ಇರುತ್ತದೆ. ಕರಗಿದಾಗ ಅದರ ಆಕಾರ ಉಳಿಯುವುದಿಲ್ಲವಾದ್ದರಿಂದ ಅದನ್ನು ಗೊಜ್ಜಿಗೋ ಜಾಮಿಗೋ ಮೀಸಲಿಡಿ.