ಎನ್‌ಬಿಎ ಫೈನಲ್‌ನ ಎದುರಾಳಿಗಳನ್ನು ಬೇರೆ ಬೇರೆ ಕಾಲಗಳ ನಡುವೆ ತೂಗಿ ನೋಡುವ ಬಗೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರರಾದ ಮೈಕೆಲ್ ಜೋರ್ಡನ್ ಮತ್ತು ಲೆಬ್ರಾನ್ ಜೇಮ್ಸ್ ಅವರಲ್ಲಿ ಯಾರು ಹೆಚ್ಚು ಎಂಬ ಚರ್ಚೆ, ಫೈನಲ್‌ನಲ್ಲಿ ಯಾರಿಗೆ ಗಟ್ಟಿ ಎದುರಾಳಿಗಳು ಸಿಕ್ಕಿದ್ದರು ಎಂಬ ಪ್ರಶ್ನೆಗೆ ಬಂದು ನಿಲ್ಲುವುದು ಸಾಮಾನ್ಯ. ಇದಕ್ಕೆ ಉತ್ತರ ಹುಡುಕುವವರು ಮೊದಲು ಬಿಡಬೇಕಾದದ್ದು, ಸೋತಿತು ಎಂಬ ಕಾರಣಕ್ಕೇ ಒಂದು ತಂಡವನ್ನು ದುರ್ಬಲವೆಂದು ಬಗೆಯುವ ರೂಢಿಯನ್ನು. 1998ರಲ್ಲಿ ಯೂಟಾ ಜಾಝ್ ಲೀಗ್ ಹಂತದಲ್ಲಿ 62 ಪಂದ್ಯಗಳನ್ನು ಗೆದ್ದಿತ್ತು. ಫೈನಲ್‌ನಲ್ಲಿ ಅದನ್ನು ಸೋಲಿಸಿದ, ಜೋರ್ಡನ್ ಅವರ ಶಿಕಾಗೊ ಬುಲ್ಸ್ ಗೆದ್ದದ್ದೂ ಅಷ್ಟೇ.

ಗೆಲುವುಗಳನ್ನು ಸಂಖ್ಯೆಯಲ್ಲಿ ನೋಡದೆ ಪ್ರಮಾಣದಲ್ಲಿ ನೋಡಬೇಕು. 2012ರ ಒಕ್ಲಹೋಮ ಸಿಟಿ ಥಂಡರ್ ತಂಡದ 47 ಗೆಲುವು ಕಡಿಮೆಯೆಂದು ಕಂಡರೂ, ಆ ವರ್ಷ ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ ಇದ್ದದ್ದು 66 ಪಂದ್ಯಗಳು ಮಾತ್ರ. ಎಂದಿನ 82 ಪಂದ್ಯಗಳ ಲೆಕ್ಕಕ್ಕೆ ತಂದರೆ ಅದು ಸುಮಾರು 58 ಗೆಲುವಾಗುತ್ತದೆ. 2020ರಲ್ಲಿ 44 ಗೆದ್ದು 29 ಸೋತ ಮಯಾಮಿ ಹೀಟ್ ತಂಡದ ಗೆಲುವು ಇದೇ ಲೆಕ್ಕದಲ್ಲಿ 49ರ ಆಸುಪಾಸಿನದು. ಜೋರ್ಡನ್ ಎದುರಿಸಿದ ಫೈನಲ್ ತಂಡಗಳೆಲ್ಲ 57ರಿಂದ 64 ಗೆಲುವಿನೊಳಗೆ ಬರುತ್ತವೆ; ಲೆಬ್ರಾನ್ ಎದುರಾಳಿಗಳು 2020ರ ಹೀಟ್‌ನಿಂದ ಹಿಡಿದು 73 ಪಂದ್ಯ ಗೆದ್ದ 2016ರ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ವರೆಗೆ ಹರಡಿದ್ದಾರೆ. ಆದ್ದರಿಂದ ಇಬ್ಬರ ಎದುರಾಳಿಗಳ ಸರಾಸರಿಯನ್ನಷ್ಟೇ ಪಕ್ಕಪಕ್ಕ ಇಡುವುದು ಸಾಲದು.

ಆಮೇಲೆ ಕಾಲದ ನಿಯಮಗಳನ್ನು ಗಮನಿಸಬೇಕು. ಮೂರು ಅಂಕದ ಗೆರೆ (ಅದರಾಚೆಯಿಂದ ಬುಟ್ಟಿಗೆ ಹಾಕಿದರೆ ಎರಡರ ಬದಲು ಮೂರು ಅಂಕ) ಬಂದದ್ದು 1979–80ರಲ್ಲಿ. 1994ರಿಂದ 1997ರವರೆಗೆ ಅದನ್ನು ಬುಟ್ಟಿಯ ಹತ್ತಿರಕ್ಕೆ ತರಲಾಗಿತ್ತು. ಎದುರಾಳಿ ಆಟಗಾರನೊಬ್ಬನನ್ನಲ್ಲದೆ ಅಂಗಳದ ಒಂದು ಭಾಗವನ್ನು ಕಾಯುವ ವಲಯ ರಕ್ಷಣೆಗಿದ್ದ ನಿರ್ಬಂಧ 2001–02ರಲ್ಲಿ ಸಡಿಲವಾಯಿತು. ಹೀಗಾಗಿ ಒಂದು ತಂಡ ಗಳಿಸಿದ ಅಂಕಗಳನ್ನು ಇನ್ನೊಂದು ಕಾಲದ ಅಂಕಗಳೊಂದಿಗೆ ನೇರವಾಗಿ ಹೋಲಿಸದೆ, ಆ ತಂಡ ತನ್ನದೇ ಲೀಗಿನ ಉಳಿದ ತಂಡಗಳಿಗಿಂತ ಎಷ್ಟು ಮುಂದಿತ್ತು ಎಂಬುದನ್ನು ಹೋಲಿಸುವುದು ಸರಿ. ಲೀಗಿನ ಗಾತ್ರವನ್ನೂ ನೋಡಬೇಕು: ಬಿಲ್ ರಸೆಲ್ ಅವರ ಬೋಸ್ಟನ್ ಸೆಲ್ಟಿಕ್ಸ್ 1957ರಲ್ಲಿ ಮೊದಲ ಪ್ರಶಸ್ತಿ ಗೆದ್ದಾಗ ಲೀಗಿನಲ್ಲಿದ್ದದ್ದು 8 ತಂಡಗಳು. ಪ್ರತಿಭೆಯೆಲ್ಲ ಆ ಕೆಲವೇ ತಂಡಗಳಲ್ಲಿ ತುಂಬಿಕೊಂಡಿತ್ತಾದರೂ ಪ್ರಶಸ್ತಿಯ ದಾರಿ ಚಿಕ್ಕದಾಗಿತ್ತು. ಇವೆರಡರಲ್ಲಿ ಒಂದನ್ನು ಮಾತ್ರ ಹೇಳುವುದು ನ್ಯಾಯವಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಆ ಸರಣಿಯಲ್ಲಿ ಅಂಗಳಕ್ಕೆ ಇಳಿದದ್ದು ಯಾರು ಎಂಬ ಪ್ರಶ್ನೆ. 2016ರಲ್ಲಿ, ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಪ್ರಶಸ್ತಿ ಸಿಗುವ ಸರಣಿಯಲ್ಲಿ ವಾರಿಯರ್ಸ್ 3–1ರಿಂದ ಮುಂದಿದ್ದಾಗ, ಆ ತಂಡದ ಡ್ರೇಮಂಡ್ ಗ್ರೀನ್ ಅಮಾನತಿನಿಂದ ಐದನೆಯ ಪಂದ್ಯ ಆಡಲಿಲ್ಲ. ಅದೇ ಪಂದ್ಯದಲ್ಲಿ ಗಾಯಗೊಂಡ, ಅದೇ ತಂಡದ ಆಂಡ್ರೂ ಬೋಗಟ್ ಮುಂದಿನ ಎರಡರಲ್ಲೂ ಇರಲಿಲ್ಲ. ಇದರಿಂದ ಲೆಬ್ರಾನ್ ಅವರ ತಂಡ ಕ್ಲೀವ್‌ಲ್ಯಾಂಡ್‌ನ ಗೆಲುವು ಚಿಕ್ಕದಾಗುವುದಿಲ್ಲ, ಆದರೆ ಕೊನೆಯ ಮೂರು ಪಂದ್ಯಗಳ ಎದುರಾಳಿಯನ್ನು 73 ಗೆಲುವಿನ ಪೂರ್ಣ ತಂಡವೆಂದು ಬರೆದುಕೊಳ್ಳಲಾಗದು.

ಸರಣಿಯೊಂದನ್ನು ಪಂದ್ಯ ಪಂದ್ಯವಾಗಿ ಬಿಡಿಸಿದರೆ ಎದುರಾಳಿಯ ನಿಜವಾದ ಬಲ ತಿಳಿಯುತ್ತದೆ. 1996ರಲ್ಲಿ ಸಿಯಾಟಲ್ ಸೂಪರ್‌ಸಾನಿಕ್ಸ್ ವಿರುದ್ಧ ಜೋರ್ಡನ್ ಮೊದಲ ಮೂರು ಪಂದ್ಯಗಳಲ್ಲಿ 28, 29, 36 ಅಂಕ ಗಳಿಸಿದರು. ನಾಲ್ಕನೆಯ ಪಂದ್ಯದಿಂದ ಜೋರ್ಡನ್ ಅವರನ್ನು ತಡೆಯುವ ಹೊಣೆಯನ್ನು ಸಿಯಾಟಲ್‌ನ ಗ್ಯಾರಿ ಪೇಟನ್ ಹೊತ್ತ ಮೇಲೆ ಅದು 23, 26, 22ಕ್ಕೆ ಇಳಿಯಿತು, ಮತ್ತು ಸಿಯಾಟಲ್ ಎರಡು ಪಂದ್ಯಗಳನ್ನು ಗೆದ್ದಿತು. 4–2 ಎಂಬ ಫಲಿತಾಂಶವೊಂದನ್ನೇ ಓದಿದವರಿಗೆ ಇದು ಕಾಣುವುದಿಲ್ಲ.

ಸೋತ ಫೈನಲ್‌ಗಳನ್ನೂ ಇದೇ ಕ್ರಮದಲ್ಲಿ ತೂಗಬೇಕು. ಕೆವಿನ್ ಡ್ಯುರಾಂಟ್ ಬಂದು ಸೇರಿದ 2017ರ ವಾರಿಯರ್ಸ್ 67 ಪಂದ್ಯ ಗೆದ್ದು, ಪಂದ್ಯಕ್ಕೆ ಸರಾಸರಿ 11ಕ್ಕೂ ಹೆಚ್ಚು ಅಂಕಗಳ ಅಂತರ ಕಾಯ್ದುಕೊಂಡು, ಲೀಗ್ ಹಂತದ ನಂತರದ ಪ್ಲೇಆಫ್ ಸುತ್ತುಗಳಲ್ಲಿ ಒಂದೇ ಒಂದು ಪಂದ್ಯ ಸೋತಿತು. ಆ ಒಂದು ಸೋಲು ಲೆಬ್ರಾನ್ ಅವರ ಕ್ಲೀವ್‌ಲ್ಯಾಂಡ್ ಎದುರೇ ಆದದ್ದು. ಜೋರ್ಡನ್ ಗೆದ್ದ ಆರು ಫೈನಲ್‌ಗಳಲ್ಲಿ ಇಷ್ಟು ಬಲಿಷ್ಠವಾದ ಎದುರಾಳಿ ನನಗೆ ಕಾಣಿಸುವುದಿಲ್ಲ.