ಕೈಗೊಂಚಲಿನ ಟ್ಯಾಗ್ ಸುಮ್ಮನಾದಾಗ: ಬ್ಲೂಟೂತ್ ಟ್ರ್ಯಾಕರ್‌ನ ದೋಷ ಹುಡುಕುವ ಕ್ರಮ

ಬೀಗದ ಕೈಗೊಂಚಲಿಗೋ ಪ್ರಯಾಣದ ಸೂಟ್‌ಕೇಸಿಗೋ ಸಿಕ್ಕಿಸಿದ ಬ್ಲೂಟೂತ್ ಟ್ಯಾಗ್ ಕೆಲಸ ಮಾಡುತ್ತಿಲ್ಲವೆಂದು ಹೇಳುವಾಗ ನಾವು ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ತೊಂದರೆಗಳನ್ನು ತುಂಬಿರುತ್ತೇವೆ. ಪಕ್ಕದಲ್ಲೇ ಇದ್ದರೂ ಫೋನಿಗೆ ಟ್ಯಾಗ್ ಸಿಗದಿರುವುದು ಒಂದು. ಸಿಕ್ಕರೂ ಸದ್ದು ಮಾಡದಿರುವುದು ಇನ್ನೊಂದು. ಮನೆಯಲ್ಲಿ ಎಲ್ಲವೂ ಸರಿಯಿದ್ದು, ದೂರ ಹೋದೊಡನೆ ನಕ್ಷೆಯ ಮೇಲೆ ನಿನ್ನೆಯ ಜಾಗವನ್ನೇ ತೋರಿಸುತ್ತ ಕೂರುವುದು ಮತ್ತೊಂದು. ಈ ಮೂರಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಇದನ್ನು ಬೇರ್ಪಡಿಸಿಕೊಳ್ಳದೆ ನೇರವಾಗಿ ರೀಸೆಟ್‌ಗೆ ಕೈಹಾಕುವವರೇ ಹೆಚ್ಚು. ಅದರಿಂದ ಸಣ್ಣ ತೊಂದರೆ ದೊಡ್ಡದಾಗುವುದುಂಟು.

ಕ್ರಮ ಅರ್ಥವಾಗಬೇಕಾದರೆ ಟ್ಯಾಗ್ ಹೇಗೆ ಕೆಲಸ ಮಾಡುತ್ತದೆಂಬುದನ್ನು ತಿಳಿದಿರಬೇಕು. ಈ ಬಗೆಯ ಟ್ಯಾಗ್‌ಗಳಲ್ಲಿ ಸಿಮ್ ಇರುವುದಿಲ್ಲ, ಇಂಟರ್ನೆಟ್ ಸಂಪರ್ಕವಿಲ್ಲ, ಜಿಪಿಎಸ್ ಕೂಡ ಇಲ್ಲ. ಹಾಗಾಗಿ ತಾನೆಲ್ಲಿದ್ದೇನೆಂಬುದು ಟ್ಯಾಗಿಗೇ ಗೊತ್ತಿರುವುದಿಲ್ಲ. ಅದು ಆಗಾಗ ಬ್ಲೂಟೂತ್ ಮೂಲಕ ತನ್ನ ಗುರುತನ್ನು ಕೂಗುತ್ತಿರುತ್ತದೆ, ಅಷ್ಟೆ. ಆ ಕೂಗು ಕಿವಿಗೆ ಬಿದ್ದ ಯಾರೋ ದಾರಿಹೋಕರ ಫೋನ್, ತಾನಿರುವ ಸ್ಥಳವನ್ನು ಗೂಢಲಿಪಿಯಲ್ಲಿ ಸರ್ವರಿಗೆ ಕಳುಹಿಸುತ್ತದೆ. ಅದನ್ನು ಬಿಡಿಸಿ ಓದುವುದು ನಿಮ್ಮ ಫೋನ್. ಅಂದರೆ ಕೂಗುವವನು, ಕೇಳಿಸಿಕೊಳ್ಳುವವನು, ಸುದ್ದಿ ಪಡೆಯುವವನು ಎಂದು ಮೂವರಿದ್ದಾರೆ, ಮತ್ತು ಸುದ್ದಿ ಬಾರದಿದ್ದಾಗ ತಪ್ಪು ಈ ಮೂವರಲ್ಲಿ ಯಾರದಾದರೂ ಆಗಿರಬಹುದು.

ಮೊದಲು ಮಾಡಬೇಕಾದ ಪರೀಕ್ಷೆ

ಟ್ಯಾಗನ್ನು ಚೀಲದಿಂದ, ಲೋಹದ ಡಬ್ಬಿಯಿಂದ, ಕಬ್ಬಿಣದ ಬೀರುವಿನಿಂದ ಹೊರತೆಗೆದು ಮೇಜಿನ ಮೇಲಿಟ್ಟು, ಫೋನನ್ನು ಅದರಿಂದ ಒಂದು ಮೊಳ ದೂರದಲ್ಲಿ ಹಿಡಿದುಕೊಂಡು, ಆ್ಯಪ್ ತೆರೆದು ಸದ್ದು ಮಾಡುವ ಗುಂಡಿಯನ್ನು ಒತ್ತಿ, ಒಂದು ನಿಮಿಷ ಸುಮ್ಮನೆ ಕಾಯಿರಿ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳನ್ನು ಲೋಹ ತಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ನಮ್ಮ ದೇಹದಲ್ಲಿ ಹೆಚ್ಚಿನ ಪಾಲು ನೀರೇ ಆಗಿರುವುದರಿಂದ ಹಿಂದಿನ ಜೇಬಿನಲ್ಲಿರುವ ಟ್ಯಾಗ್ ಮುಂದಿನ ಕೈಯಲ್ಲಿರುವ ಫೋನಿಗೆ ಕೇಳದಿರುವುದೂ ಇದೆ. ಮೇಜಿನ ಮೇಲೆ ಸದ್ದು ಬಂದರೆ ಟ್ಯಾಗ್ ಕೆಟ್ಟಿಲ್ಲ, ಅದನ್ನಿಟ್ಟಿದ್ದ ಜಾಗ ಕೆಟ್ಟದ್ದು. ಆ್ಯಪ್‌ನಲ್ಲಿ ಟ್ಯಾಗ್ ಕಂಡರೂ ಸದ್ದು ಬಾರದಿದ್ದರೆ, ಅಥವಾ ಸದ್ದು ಶುರುವಾಗಿ ಅರ್ಧಕ್ಕೆ ಕ್ಷೀಣಿಸಿದರೆ, ಸೆಲ್ಲಿನ ಮೇಲೆ ಅನುಮಾನ ಪಡಬೇಕು. ಟ್ಯಾಗ್ ಕಾಣಿಸಲೇ ಇಲ್ಲವೆಂದರೆ ಸೆಲ್ ಮತ್ತು ಫೋನ್ ಎರಡನ್ನೂ ನೋಡಬೇಕಾಗುತ್ತದೆ.

ಸೆಲ್ಲಿನ ವಿಚಾರ

ಈ ದೋಷಗಳಲ್ಲಿ ಹೆಚ್ಚಿನವು ಇಲ್ಲಿಯೇ ಇರುತ್ತವೆಂಬುದು ನನ್ನ ಅನುಭವ. ಆ್ಯಪಲ್‌ನ ಏರ್‌ಟ್ಯಾಗ್, ಸ್ಯಾಮ್‌ಸಂಗ್‌ನ ಸ್ಮಾರ್ಟ್‌ಟ್ಯಾಗ್ 2, ಜಿಯೋಟ್ಯಾಗ್‌ಗಳು ಮುಂತಾದ ಬಹಳಷ್ಟು ಟ್ರ್ಯಾಕರ್‌ಗಳು ಸಿಆರ್ 2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಲಿಥಿಯಂ ಸೆಲ್ ಬಳಸುತ್ತವೆ, ಮತ್ತು ಅದು ಸುಮಾರು ಒಂದು ವರ್ಷ, ಕೆಲವದರಲ್ಲಿ ಇನ್ನೂ ಸ್ವಲ್ಪ ಹೆಚ್ಚು ಕಾಲ ಬರುತ್ತದೆ. ಹೆಸರಿನಲ್ಲೇ ಅಳತೆಯಿದೆ: ವ್ಯಾಸ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಅಂಗಡಿಯಲ್ಲಿ ‘ಎರಡೂ ಒಂದೇ’ ಎಂದು ಹೇಳಿ ಕೊಡುವ ಸಿಆರ್ 2025 ಕೇವಲ 2.5 ಮಿಲಿಮೀಟರ್ ದಪ್ಪವಿರುವುದರಿಂದ ಒಳಗೆ ಕೂತರೂ ಸಂಪರ್ಕದ ತಗಡಿಗೆ ಗಟ್ಟಿಯಾಗಿ ತಾಗುವುದಿಲ್ಲ. ಗೊಂಚಲು ಅಲುಗಾಡಿದಾಗಲೆಲ್ಲ ಟ್ಯಾಗ್ ಸತ್ತು ಬದುಕುತ್ತದೆ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಎಲ್‌ಐಆರ್ 2032 ಸೆಲ್ಲನ್ನಂತೂ ಹಾಕಲೇಬಾರದು, ಏಕೆಂದರೆ ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ 4.2ರವರೆಗೆ ಏರುತ್ತದೆ.

ಮಲ್ಟಿಮೀಟರ್ ಇರುವವರು ಅದನ್ನು ಪೂರ್ತಿ ನಂಬಬಾರದು. ಹಳೆಯ ಸೆಲ್ಲಿನ ಒಳಪ್ರತಿರೋಧ ಹೆಚ್ಚಿರುತ್ತದೆ. ಯಾವ ಕೆಲಸದ ಹೊರೆಯೂ ಇಲ್ಲದಿರುವಾಗ ಅದು 3 ವೋಲ್ಟಿನ ಹತ್ತಿರವೇ ತೋರಿಸಿ, ಟ್ಯಾಗ್ ತನ್ನ ಸ್ಪೀಕರನ್ನು ನುಡಿಸಲು ಹೊರಟ ಗಳಿಗೆಯಲ್ಲಿ ಕುಸಿದುಬಿಡುತ್ತದೆ. ಚಳಿಯಲ್ಲೂ ಹೀಗೆಯೇ ಆಗುತ್ತದೆ: ಕೆನಡಾದಂಥ ದೇಶಗಳಲ್ಲಿರುವ ಕನ್ನಡಿಗರು ಹಿಮದಲ್ಲಿ ನಿಲ್ಲಿಸಿದ ಕಾರಿನ ಟ್ಯಾಗ್ ಮೌನವಾಯಿತೆಂದು ಎಸೆಯುವ ಮೊದಲು ಅದನ್ನು ಮನೆಯೊಳಗೆ ಒಂದು ಗಂಟೆ ಇಟ್ಟು ನೋಡಬೇಕು. ನಮ್ಮಲ್ಲಿಯ ಭಯ ಇದಕ್ಕೆ ವಿರುದ್ಧವಾದದ್ದು. ಏರ್‌ಟ್ಯಾಗ್ ಕೆಲಸ ಮಾಡುವ ತಾಪಮಾನದ ಮಿತಿ 60 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರುಗಳ ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಆ ಮಿತಿಯನ್ನು ದಾಟುವುದು ಕಷ್ಟವಲ್ಲ.

ಸೆಲ್ ಬದಲಿಸುವ ವಿಧಾನ ಹೀಗಿದೆ. ಏರ್‌ಟ್ಯಾಗ್ ಆದರೆ ಹೊಳೆಯುವ ಉಕ್ಕಿನ ಮುಚ್ಚಳವನ್ನು ಎರಡು ಹೆಬ್ಬೆರಳಿನಿಂದ ಒತ್ತಿ ಹಿಡಿದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಕೈ ಬೆವೆತಿದ್ದರೆ ಜಾರುತ್ತದೆ, ಒಣಬಟ್ಟೆಯ ತುಂಡು ಸಾಕು. ಹೊಸ ಸೆಲ್ಲನ್ನು ಅಕ್ಷರಗಳಿರುವ ಧನ ಮುಖ ಮೇಲೆ ಬರುವಂತೆ ಇಟ್ಟೊಡನೆ ಒಂದು ಸಣ್ಣ ನಾದ ಕೇಳಬೇಕು, ಕೇಳಿದರೆ ವಿದ್ಯುತ್ ತಲುಪಿದೆ ಎಂದರ್ಥ. ಹೊಸ ಸೆಲ್ ಹಾಕಿದರೂ ಸದ್ದಿಲ್ಲವೆಂದಾದರೆ ಸೆಲ್ಲಿನ ಪೊಟ್ಟಣವನ್ನು ಓದಿ. ಮಕ್ಕಳು ನುಂಗದಿರಲೆಂದು ಕೆಲವು ತಯಾರಕರು ಸೆಲ್ಲಿನ ಮೇಲೆ ಕಹಿ ಲೇಪನ ಕೊಡುತ್ತಾರೆ. ಆ ಲೇಪನ ಸಂಪರ್ಕದ ಬಿಂದುಗಳ ಮೇಲೆಯೇ ಬಂದರೆ ಟ್ಯಾಗ್ ಕೆಲಸ ಮಾಡದಿರಬಹುದೆಂದು ಆ್ಯಪಲ್ ತನ್ನ ಸೂಚನೆಯಲ್ಲೇ ಹೇಳಿದೆ. ಲೇಪನವಿಲ್ಲದ ಸೆಲ್ ತಂದು ಹಾಕುವುದೇ ಇದಕ್ಕೆ ಮದ್ದು. ನಾನು ಒಮ್ಮೆ ಒಂದು ಸಂಜೆಯನ್ನೇ ಕಳೆದದ್ದು ಇದಕ್ಕಿಂತಲೂ ಸಣ್ಣ ಕಾರಣಕ್ಕೆ: ಹೊಸ ಸೆಲ್ಲಿಗೆ ಅಂಟಿದ್ದ ಪಾರದರ್ಶಕ ಪ್ಲಾಸ್ಟಿಕ್ ಚೀಟಿಯನ್ನು ಕೀಳದೆಯೇ ಒಳಗಿಟ್ಟು, ಫೋನನ್ನು ಮೂರು ಸಲ ಆರಿಸಿ ಹೊತ್ತಿಸಿದ್ದೆ.

ಕಹಿ ಲೇಪನ ಅಡ್ಡಿಯಾಯಿತೆಂದು ಅದರ ಉದ್ದೇಶವನ್ನು ಕಡೆಗಣಿಸುವಂತಿಲ್ಲ. ನುಂಗಿದ ನಾಣ್ಯದಾಕಾರದ ಸೆಲ್ ಎರಡೇ ಗಂಟೆಯೊಳಗೆ ಮಗುವಿನ ಅನ್ನನಾಳವನ್ನು ಸುಡಬಲ್ಲದು. ಹೊಸದನ್ನೂ ಹಳೆಯದನ್ನೂ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಹಳೆಯ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಸುತ್ತಿ ಇ-ತ್ಯಾಜ್ಯದವರಿಗೆ ಕೊಡಬೇಕು.

ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿದೆ. ಏರ್‌ಟ್ಯಾಗ್ ಮತ್ತು ಸ್ಮಾರ್ಟ್‌ಟ್ಯಾಗ್ 2ಕ್ಕಿರುವ ಐಪಿ67 ದರ್ಜೆಯ ಅರ್ಥ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆದುಕೊಳ್ಳುತ್ತದೆ ಎಂದಷ್ಟೇ. ಇಡೀ ಆಷಾಢ ಸ್ಕೂಟರಿನ ಬೀಗದ ಕೈಯಲ್ಲಿ ತೊಯ್ದುಕೊಂಡಿರುವ ಭರವಸೆ ಅದರಲ್ಲಿಲ್ಲ. ಅಗ್ಗದ ಟ್ಯಾಗ್‌ಗಳಿಗೆ ಆ ದರ್ಜೆಯೂ ಇರುವುದಿಲ್ಲ. ಮುಚ್ಚಳ ತೆರೆದಾಗ ತಗಡಿನ ಮೇಲೆ ಹಸಿರು ಅಥವಾ ಬಿಳಿಯ ಕಿಲುಬು ಕಂಡರೆ, ಸೆಲ್ ತೆಗೆದಿಟ್ಟು, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಸೆಲ್ ಹಾಕಬೇಕು. ಹೇರ್ ಡ್ರೈಯರ್ ಬಿಸಿಗಾಳಿ ಬೇಡ. ಪರ್ಸಿನಲ್ಲಿಡುವ ಕಾರ್ಡ್ ರೂಪದ ಕೆಲವು ಟ್ರ್ಯಾಕರ್‌ಗಳ ಸೆಲ್ಲನ್ನು ಬದಲಿಸಲು ಬರುವುದೇ ಇಲ್ಲ. ಅವು ಆಯುಷ್ಯ ಮುಗಿಸಿ ನಿಂತರೆ ರಿಪೇರಿಯ ಪ್ರಶ್ನೆಯಿಲ್ಲ.

ಫೋನಿನ ಕಡೆಯ ತಪ್ಪುಗಳು

ಹೊಸ ಸೆಲ್ಲಿಗೂ ಉತ್ತರ ಸಿಗದಿದ್ದರೆ ಫೋನನ್ನು ನೋಡಬೇಕು. ಬ್ಲೂಟೂತ್ ಮತ್ತು ಲೊಕೇಶನ್ ಎರಡೂ ಚಾಲೂ ಇರಬೇಕೆಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಅನುಮತಿಗಳ ವಿಷಯ. ಆಂಡ್ರಾಯ್ಡ್ 12ರಿಂದೀಚೆಗೆ ‘ಸಮೀಪದ ಸಾಧನಗಳು’ ಎಂಬ ಪ್ರತ್ಯೇಕ ಅನುಮತಿ ಬಂದಿದೆ, ಅದಿಲ್ಲದೆ ಆ್ಯಪ್ ಸುತ್ತಲಿನ ಟ್ಯಾಗ್‌ಗಳನ್ನು ಹುಡುಕಲಾರದು. ಕಂಪನಿಯ ಸ್ವಂತ ಆ್ಯಪ್ ಇರುವ ಟ್ಯಾಗ್‌ಗಳಿಗೆ ಲೊಕೇಶನ್ ಅನುಮತಿಯನ್ನು ‘ಬಳಸುವಾಗ ಮಾತ್ರ’ ಎಂದಲ್ಲದೆ ‘ಯಾವಾಗಲೂ’ ಎಂದು ಕೊಡಬೇಕಾಗುವುದು ಸಾಮಾನ್ಯ. ಇದರ ಮೇಲೆ ಬ್ಯಾಟರಿ ಉಳಿತಾಯದ ಹೆಸರಿನಲ್ಲಿ ಅನೇಕ ಆಂಡ್ರಾಯ್ಡ್ ಫೋನುಗಳು ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ‘ನಿನ್ನೆಯವರೆಗೆ ಸರಿಯಿತ್ತು’ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಸೆಟ್ಟಿಂಗ್ಸ್‌ನ ಆ್ಯಪ್ ಪುಟದಲ್ಲಿ ಬ್ಯಾಟರಿ ಬಳಕೆಯನ್ನು ಅನಿರ್ಬಂಧಿತವೆಂದು ಬದಲಿಸಿ, ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿ ನೋಡಿ.

ನಲ್ವತ್ತು, ಐವತ್ತು ಚದರ ಅಡಿಯ ಮಳಿಗೆಗಳಲ್ಲೂ ಸಿಗುವ ಅಗ್ಗದ ಟ್ಯಾಗ್‌ಗಳ ಕತೆ ಬೇರೆ. ಅವಕ್ಕೆ ದಾರಿಹೋಕರ ಫೋನುಗಳ ಜಾಲದ ಬೆಂಬಲವಿರುವುದಿಲ್ಲ. ಅವು ನಿಮ್ಮ ಫೋನಿನೊಂದಿಗೆ ಬ್ಲೂಟೂತ್ ಸಂಪರ್ಕ ಹಿಡಿದುಕೊಂಡು, ಅದು ಕಡಿದಾಗ ಕಿರುಚುತ್ತವೆ. ಅಂಥ ಟ್ಯಾಗ್ ಮನೆಯ ಇನ್ನೊಬ್ಬರ ಫೋನಿಗೆ ಅಂಟಿಕೊಂಡಿದ್ದರೆ ನಿಮ್ಮ ಫೋನಿಗೆ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಆ ಫೋನಿನ ಬ್ಲೂಟೂತ್ ಆರಿಸಿ ಮತ್ತೆ ಹುಡುಕಿ.

ಐಫೋನಿನಲ್ಲಿ ಮೊದಲ ಪೀಳಿಗೆಯ ಏರ್‌ಟ್ಯಾಗ್ ಜೋಡಿಸಲು ಐಓಎಸ್ 14.5 ಅಥವಾ ಅದರ ನಂತರದ ಆವೃತ್ತಿ, ಖಾತೆಗೆ ಎರಡು ಹಂತದ ದೃಢೀಕರಣ, ಮತ್ತು ಕಳೆದ ವಸ್ತುಗಳನ್ನು ಹುಡುಕುವ ಆ್ಯಪಲ್‌ನ ಸೌಲಭ್ಯವಾದ ‘ಫೈಂಡ್ ಮೈ’ ಚಾಲೂ ಇರಬೇಕು. ಬಾಣದ ಗುರುತಿನಿಂದ ದಾರಿ ತೋರಿಸುವ ಸೌಲಭ್ಯ ಮಾತ್ರ ಕೆಟ್ಟಿದೆ ಎನಿಸಿದರೆ, ಅದಕ್ಕೆ ಹತ್ತಿರದ ವಸ್ತುವಿನ ದೂರ, ದಿಕ್ಕುಗಳನ್ನು ನಿಖರವಾಗಿ ಅಳೆಯುವ ಅಲ್ಟ್ರಾ-ವೈಡ್‌ಬ್ಯಾಂಡ್ ಚಿಪ್ ಬೇಕೆಂಬುದನ್ನು ನೆನಪಿಡಬೇಕು: ಐಫೋನ್ 11ರಿಂದ ಆ ಚಿಪ್ ಬಂದಿದೆ, ಆದರೆ ಎಸ್‌ಇ ಮಾದರಿಗಳಲ್ಲಿ ಮತ್ತು ಐಫೋನ್ 16ಇಯಲ್ಲಿ ಇಲ್ಲ. ಚಿಪ್ ಇದ್ದೂ ಬಾಣ ಬಾರದಿದ್ದರೆ, ಲೊಕೇಶನ್ ಸೆಟ್ಟಿಂಗ್ಸ್‌ನಲ್ಲಿ ಫೈಂಡ್ ಮೈಗೆ ‘ನಿಖರ ಸ್ಥಳ’ದ ಅನುಮತಿ ಇದೆಯೇ ನೋಡಿ.

ಟ್ಯಾಗ್ ಕೂಗಿದರೂ ಕೇಳುವವರಿಲ್ಲದಾಗ

ಇದು ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆಯಿರುವ ಭಾಗ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಿಟ್ಟುಹೋದ ಚೀಲದ ಟ್ಯಾಗ್ ಬೇಗನೆ ಸುದ್ದಿ ಕಳುಹಿಸುವುದು, ಅದೇ ಟ್ಯಾಗ್ ತೀರ್ಥಹಳ್ಳಿಯಾಚೆಯ ಅಡಿಕೆ ತೋಟದಲ್ಲಿ ಎರಡು ದಿನ ಸುಮ್ಮನಿರುವುದು ಟ್ಯಾಗಿನ ಗುಣದ ವ್ಯತ್ಯಾಸವಲ್ಲ, ಸುತ್ತ ಹಾದುಹೋಗುವ ಫೋನುಗಳ ವ್ಯತ್ಯಾಸ. ಅದರಲ್ಲೂ ಯಾವ ಫೋನುಗಳೆಂಬುದು ಮುಖ್ಯ. ಏರ್‌ಟ್ಯಾಗಿನ ಕೂಗನ್ನು ಆ್ಯಪಲ್ ಸಾಧನಗಳು ಮಾತ್ರ ವರದಿ ಮಾಡುತ್ತವೆ, ಸ್ಮಾರ್ಟ್‌ಟ್ಯಾಗಿನದನ್ನು ಗ್ಯಾಲಕ್ಸಿ ಫೋನುಗಳು. ಗೂಗಲ್ 2024ರಲ್ಲಿ ಆರಂಭಿಸಿ ಈಗ ‘ಫೈಂಡ್ ಹಬ್’ ಎಂದು ಕರೆಯುವ ಜಾಲಕ್ಕೆ ಸೇರಿದ ಟ್ಯಾಗ್‌ಗಳನ್ನು ಆಂಡ್ರಾಯ್ಡ್ ಫೋನುಗಳು ಕೇಳಿಸಿಕೊಳ್ಳುತ್ತವೆ. ಹೆಸರಿನ ಗೊಂದಲವೂ ಇದೆ: ಜಿಯೋಟ್ಯಾಗ್ ಏರ್ ಆ್ಯಪಲ್‌ನ ಜಾಲಕ್ಕೆ ಸೇರಿದರೆ, ಜಿಯೋಟ್ಯಾಗ್ ಗೋ ಗೂಗಲ್‌ನ ಜಾಲಕ್ಕೆ ಸೇರಿದೆ. ನಮ್ಮ ಹಳ್ಳಿಗಳಲ್ಲಿ ಬಹುಪಾಲು ಫೋನುಗಳು ಆಂಡ್ರಾಯ್ಡ್ ಆಗಿರುವುದರಿಂದ, ತೋಟದ ಮನೆಯ ಬಳಕೆಗೆ ಏರ್‌ಟ್ಯಾಗ್ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಯೋಚಿಸಬೇಕಾದ ಸಂಗತಿ.

ಆಂಡ್ರಾಯ್ಡ್ ಜಾಲದಲ್ಲಿ ಇನ್ನೊಂದು ತೊಡಕಿದೆ. ಗೂಗಲ್ ತನ್ನ ಜಾಲವನ್ನು ‘ಜನದಟ್ಟಣೆಯ ಸ್ಥಳಗಳಲ್ಲಿ ಮಾತ್ರ’ ಎಂಬ ಆಯ್ಕೆಯೊಂದಿಗೆ ಹೊರತಂದಿತು: ಒಂದೇ ಟ್ಯಾಗನ್ನು ಹಲವು ಫೋನುಗಳು ಕಂಡ ಮೇಲೆಯೇ ಒಟ್ಟಾರೆ ಸ್ಥಳವನ್ನು ತಿಳಿಸುವುದು ಅದರ ರೀತಿ. ಖಾಸಗಿತನಕ್ಕೆ ಇದು ಒಳ್ಳೆಯದು, ಒಂಟಿ ರಸ್ತೆಯಲ್ಲಿ ಬಿದ್ದ ಕೈಗೊಂಚಲಿಗೆ ಅಲ್ಲ. ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ ಇದನ್ನು ‘ಎಲ್ಲ ಕಡೆ’ ಎಂದು ಬದಲಿಸಬಹುದು. ಆದರೆ ಅದರಿಂದ ನಿಮ್ಮ ಫೋನ್ ಇತರರ ಟ್ಯಾಗ್‌ಗಳಿಗೆ ನೆರವಾಗುತ್ತದೆಯೇ ಹೊರತು, ನಿಮ್ಮ ಟ್ಯಾಗ್ ಸಿಗಬೇಕಾದರೆ ಅಲ್ಲಿ ಹಾದುಹೋಗುವವರೂ ಹಾಗೆ ಬದಲಿಸಿರಬೇಕು. ಮನೆಯವರ ಎಲ್ಲ ಫೋನುಗಳಲ್ಲಿ ಬದಲಿಸಿಟ್ಟರೆ ತೋಟದ ಮಟ್ಟಿಗೆ ಪ್ರಯೋಜನವಿದೆ.

ರೀಸೆಟ್, ಎಲ್ಲಕ್ಕೂ ಕೊನೆಯಲ್ಲಿ

ಮೇಲಿನ ಯಾವುದರಿಂದಲೂ ಫಲ ಸಿಗದಿದ್ದರೆ ಮಾತ್ರ ಟ್ಯಾಗನ್ನು ಖಾತೆಯಿಂದ ತೆಗೆದು ಹೊಸದಾಗಿ ಜೋಡಿಸಿ. ಏರ್‌ಟ್ಯಾಗ್ ವಿಷಯದಲ್ಲಿ ಕ್ರಮ ತಪ್ಪಬಾರದು: ಟ್ಯಾಗನ್ನು ಹತ್ತಿರ ಇಟ್ಟುಕೊಂಡು ಮೊದಲು ಫೈಂಡ್ ಮೈ ಆ್ಯಪಿನ ಐಟಮ್ಸ್ ಪುಟದಿಂದ ಅದನ್ನು ತೆಗೆದುಹಾಕಬೇಕು. ತೆಗೆಯುವಾಗ ಟ್ಯಾಗ್ ಫೋನಿನ ವ್ಯಾಪ್ತಿಯಲ್ಲಿ ಇರಲಿಲ್ಲವೆಂದಾದರೆ ಸೆಲ್ಲಿನ ಮೂಲಕ ರೀಸೆಟ್ ಮಾಡಬೇಕಾಗುತ್ತದೆ: ಸೆಲ್ ತೆಗೆದು, ಮತ್ತೆ ಇಟ್ಟು, ನಾದ ಕೇಳುವವರೆಗೆ ಒತ್ತಿ ಹಿಡಿದು, ಇದನ್ನೇ ಇನ್ನೂ ನಾಲ್ಕು ಸಲ ಮಾಡಬೇಕು. ಐದನೆಯ ನಾದ ಮೊದಲ ನಾಲ್ಕಕ್ಕಿಂತ ಬೇರೆಯಾಗಿ ಕೇಳಿದರೆ ಟ್ಯಾಗ್ ಜೋಡಣೆಗೆ ಸಿದ್ಧವಾಗಿದೆ. ಸೆಲ್ಲಿನ ರೀಸೆಟ್‌ನಿಂದ ಖಾತೆಯ ನಂಟು ಹರಿಯುವುದಿಲ್ಲ. ಬಳಸಿದ ಏರ್‌ಟ್ಯಾಗ್ ಕೊಂಡವರು ಎಷ್ಟು ಸಲ ಸೆಲ್ ತೆಗೆದು ಹಾಕಿದರೂ, ಹಳೆಯ ಮಾಲೀಕ ತನ್ನ ಖಾತೆಯಿಂದ ಬಿಡುಗಡೆ ಮಾಡುವವರೆಗೆ ಅದು ನಿಮ್ಮದಾಗುವುದಿಲ್ಲ. ಅಂಥ ಟ್ಯಾಗ್ ಎಲ್ಲದರಲ್ಲೂ ಸರಿಯಿದ್ದು ಸದ್ದು ಮಾತ್ರ ಮಾಡದಿದ್ದರೆ, ಕದ್ದು ಹಿಂಬಾಲಿಸುವ ಉದ್ದೇಶದಿಂದ ಯಾರೋ ಸ್ಪೀಕರ್ ಕಿತ್ತಿರುವ ಸಾಧ್ಯತೆಯಿದೆ; ಅದನ್ನು ಬಳಸದೆ ಹಿಂದಿರುಗಿಸುವುದು ಲೇಸು.

ಫೋನಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿರೆಂದು ಕೆಲವರು ಸಲಹೆ ಕೊಡುತ್ತಾರೆ. ಅದು ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಅಳಿಸುತ್ತದೆ, ಆದ್ದರಿಂದ ಇಯರ್‌ಫೋನ್ ಮೊದಲಾದ ಬೇರೆ ಬ್ಲೂಟೂತ್ ಸಾಧನಗಳೂ ಫೋನಿಗೆ ಸಿಗದಿದ್ದರೆ ಮಾತ್ರ ಅದಕ್ಕೆ ಹೋಗಬೇಕು.

ಮರುಜೋಡಣೆಯಾದ ಮೇಲೆ ಮನೆಯಲ್ಲಿ ಸದ್ದು ಕೇಳಿದೊಡನೆ ಸಮಾಧಾನಪಡದೆ, ಗೊಂಚಲನ್ನು ನೆರೆಮನೆಯವರ ಬಳಿ ಬಿಟ್ಟು ನೀವು ಫೋನಿನೊಂದಿಗೆ ಪೇಟೆಗೆ ಹೋಗಿ, ನಕ್ಷೆಯ ಮೇಲಿನ ‘ಕೊನೆಯ ಬಾರಿ ಕಂಡ’ ಸಮಯ ಮುಂದೆ ಸರಿಯುತ್ತಿದೆಯೇ ಎಂದು ನೋಡಿ. ಆ ನೆರೆಮನೆಯವರ ಫೋನ್ ನಿಮ್ಮ ಟ್ಯಾಗಿನ ಜಾಲಕ್ಕೇ ಸೇರಿದ್ದಾಗಿರಲಿ, ಇಲ್ಲವಾದರೆ ಪರೀಕ್ಷೆಗೆ ಅರ್ಥವಿಲ್ಲ. ಸೆಲ್ ಹಾಕಿದ ತಿಂಗಳು ಮತ್ತು ವರ್ಷವನ್ನು ಫೋನಿನ ಕ್ಯಾಲೆಂಡರಿನಲ್ಲಿ ಬರೆದು, ಹನ್ನೊಂದು ತಿಂಗಳ ನಂತರಕ್ಕೆ ಒಂದು ಜ್ಞಾಪನೆ ಇಟ್ಟುಕೊಳ್ಳಿ.