ಕೈಗಾದಲ್ಲಿ ನಾಲ್ಕು ವಾರ ಇನ್‌ಪ್ಲಾಂಟ್ ಟ್ರೈನಿಂಗ್: ನನ್ನ ಅನುಭವ

ಮೆಕ್ಯಾನಿಕಲ್ ಮೂರನೇ ವರ್ಷ ಮುಗಿದ ರಜೆಯಲ್ಲಿ ನಾನು ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ನಾಲ್ಕು ವಾರ ಇನ್‌ಪ್ಲಾಂಟ್ ಟ್ರೈನಿಂಗ್ ಮಾಡಿದೆ. ಜೂನಿಯರ್‌ಗಳು ಆಗಾಗ ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾಗದಪತ್ರ. ಕಾಲೇಜಿನ ಪತ್ರ, ಗುರುತಿನ ಚೀಟಿ, ಪೊಲೀಸ್ ವೆರಿಫಿಕೇಶನ್. ಕೊನೆಯದಕ್ಕೆ ಟೈಮ್ ಹಿಡಿಯುತ್ತದೆ, ಬೇಗ ಶುರು ಮಾಡಿ. ಮೊಬೈಲ್ ಒಳಗೆ ಬಿಡುವುದಿಲ್ಲ. ಪೆನ್ನು, ನೋಟ್‌ಬುಕ್ ಇಟ್ಟುಕೊಳ್ಳಿ.

ಅಮ್ಮನಿಗೆ ಮಾತ್ರ ಭಯ. "ರೇಡಿಯೇಶನ್ ಅಂತಾರಲ್ಲೋ, ಬೇರೆ ಎಲ್ಲೂ ಸಿಗಲಿಲ್ವಾ?" ಅಂತ ದಿನಾ ಕೇಳುತ್ತಿದ್ದರು. ಮೊದಲ ವಾರ ಕ್ಲಾಸಿನಲ್ಲಿ ಕಲಿತದ್ದನ್ನೇ ಸಂಜೆ ಫೋನಿನಲ್ಲಿ ಹೇಳಿದೆ. ರಿಯಾಕ್ಟರಿನ ಬಿಸಿಯನ್ನು ಹೊತ್ತು ತರುವುದು ಭಾರಜಲ, ಅಂದರೆ ಮಾಮೂಲಿ ಹೈಡ್ರೋಜನ್ ಬದಲು ಅದರ ಭಾರದ ರೂಪ ಇರುವ ನೀರು. ಅದು ಸ್ಟೀಮ್ ಜನರೇಟರಿನ ಕೊಳವೆಗಳೊಳಗೆ ಹರಿದು ಹೊರಗಿನ ಮಾಮೂಲಿ ನೀರನ್ನು ಕುದಿಸುತ್ತದೆ, ಎರಡೂ ಬೆರೆಯುವುದಿಲ್ಲ, ಟರ್ಬೈನಿಗೆ ಬರುವುದು ಆ ಮಾಮೂಲಿ ನೀರಿನ ಹಬೆ. ನಾನಿರುವುದು ಟರ್ಬೈನ್ ಕಡೆ ಅಂದ ಮೇಲೆ ಅಮ್ಮ ಸ್ವಲ್ಪ ಸಮಾಧಾನ ಆದರು.

ಆದರೆ ನಾನು ಹೋಗಿದ್ದು ರಿಯಾಕ್ಟರಿನ ಆಸೆಗೆ. ಒಂದು ಯೂನಿಟ್ 220 ಮೆಗಾವ್ಯಾಟ್, ಅಂಥವು ನಾಲ್ಕು. ಒಂದು ರಿಯಾಕ್ಟರಿಗೆ 306 ಚಾನೆಲ್ (ಇಂಧನ ಇಡುವ ಕೊಳವೆ), ಪ್ರತಿ ಚಾನೆಲ್ಲಿನಲ್ಲಿ 12 ಇಂಧನದ ಕಟ್ಟು. ಒಂದು ಕಟ್ಟು ಅಂದರೆ ಅರ್ಧ ಮೀಟರ್ ಉದ್ದದ 19 ಕಡ್ಡಿ, ಅಷ್ಟೇ. ಒಂದನೇ ಯೂನಿಟ್ 2018ರ ಕೊನೆಯ ದಿನದವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತ್ತು. ಇದೆಲ್ಲ ಕೇಳಿದ ಮೇಲೆ ಪ್ರಾಜೆಕ್ಟ್ ಬೇರೆ ಯಾವುದರ ಮೇಲೆ ಮಾಡಲಿ?

ಗೈಡ್ ಕೇಳಿ ತಲೆ ಅಲ್ಲಾಡಿಸಿದರು. "ತಮ್ಮಾ, ನಾಲ್ಕು ವಾರದಲ್ಲಿ ರಿಯಾಕ್ಟರ್ ಬಗ್ಗೆ ಕಾಪಿ ಹೊಡೀಬಹುದು, ಕಲಿಯೋಕಾಗಲ್ಲ. ಕಂಡೆನ್ಸರ್ ತಗೋ."

ಅವತ್ತು ಬೇಜಾರಾಯಿತು. ಈಗ ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ರಿಯಾಕ್ಟರಿನ ಶಾಖದಲ್ಲಿ ಮೂರರಲ್ಲಿ ಎರಡು ಪಾಲು ಕರೆಂಟ್ ಆಗುವುದೇ ಇಲ್ಲ, ಟರ್ಬೈನಿನಿಂದ ಇಳಿದ ಹಬೆ ಕಂಡೆನ್ಸರಿನಲ್ಲಿ ತಣಿದು ನೀರಾಗುವಾಗ ಆ ಬಿಸಿಯೆಲ್ಲ ಕಾಳಿ ನದಿಯ ಕದ್ರಾ ಜಲಾಶಯದ ನೀರಿಗೆ ಹೋಗುತ್ತದೆ. ಆ ನೀರು ಬೆಚ್ಚಗಾದರೆ ಕಂಡೆನ್ಸರಿನ ವ್ಯಾಕ್ಯೂಮ್ (ಒಳಗಿನ ನಿರ್ವಾತ) ಇಳಿಯುತ್ತದೆ, ಜೊತೆಗೆ ಮೆಗಾವ್ಯಾಟ್ ಕೂಡ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಅರ್ಥವಾದದ್ದು ಇಲ್ಲಿ, ದಿನಾ ರೀಡಿಂಗ್ ತೆಗೆದು ಗ್ರಾಫ್ ಹಾಕುವಾಗ.

ಎರಡನೇ ವಾರ ಒಂದು ತಪ್ಪು ಮಾಡಿದೆ. ಅಕ್ಕಪಕ್ಕ ಎರಡು ಪಂಪ್, ನೋಡಲು ಒಂದೇ ಥರ. ಒಂದರ ಗೇಜ್ ನೋಡಿ ಇನ್ನೊಂದರ ಹೆಸರಲ್ಲಿ ಬರೆದಿದ್ದೆ. ಗೈಡ್ ಬೈಯಲಿಲ್ಲ. "ಟ್ಯಾಗ್ ನಂಬರ್ ಎಲ್ಲಿ?" ಅಂದರು, ಅಷ್ಟೆ. ವಾಪಸ್ ಹೋದೆ. ಅಲ್ಲಿನ ಆಪರೇಟರ್ ತೋರಿಸಿಕೊಟ್ಟರು: ಮೊದಲು ತಗಡಿನ ಟ್ಯಾಗ್ ಮೇಲೆ ಬೆರಳಿಡಬೇಕು, ನಂಬರನ್ನು ಬಾಯಿಬಿಟ್ಟು ಓದಬೇಕು, ಆಮೇಲೆ ಗೇಜ್ ನೋಡಬೇಕು. ಇಪ್ಪತ್ತು ವರ್ಷ ಅದೇ ಪಂಪ್ ನೋಡಿದವರೂ ಹಾಗೇ ಮಾಡುತ್ತಿದ್ದರು. ಟರ್ಬೈನ್ ಹಾಲಿನ ಸದ್ದಿನಲ್ಲಿ, ಕಿವಿಗೆ ಪ್ಲಗ್ ಹಾಕಿಕೊಂಡು, ಅವರ ತುಟಿ ಮಾತ್ರ ಅಲ್ಲಾಡುವುದು ಕಾಣುತ್ತಿತ್ತು. ನಾನೂ ಹಾಗೇ ರೂಢಿ ಮಾಡಿಕೊಂಡೆ, ಈಗಲೂ ಬಿಟ್ಟಿಲ್ಲ.

ಹೋಗುವವರು ಇಂಥದೇ ಒಂದು ಯಂತ್ರ ಹಿಡಿದುಕೊಳ್ಳಿ. ಫೀಡ್ ಪಂಪ್ ಆಗಬಹುದು, ಹೀಟರ್ ಆಗಬಹುದು, ಡೀಸೆಲ್ ಜನರೇಟರ್ ಆಗಬಹುದು. ಮತ್ತೆ ಮಳೆಗಾಲದಲ್ಲಾದರೆ ಎರಡು ಜೊತೆ ಶೂ ಬೇಕೇ ಬೇಕು, ಅಲ್ಲಿ ಒಂದು ಸಲ ಒದ್ದೆಯಾದರೆ ಬೇಗ ಒಣಗುವುದಿಲ್ಲ.